ಮೆತ್ತನೆಯ ತುದಿ

ನನ್ನ ಬಾಯಿಗೆ ಬೀಗವಿಲ್ಲ ಎಂದು ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಅಕ್ಕನ ಗಂಡನಂತೂ ನನಗೆ ಬಾಯಿಬಡುಕಿ ಎಂದೇ ಹೆಸರಿಟ್ಟಿದ್ದರು. ಕೆಲಸವೂ ಬಾಯಿಯದೇ ಸಿಕ್ಕಿತು. ಹೃದಯದ ರಕ್ತನಾಳಕ್ಕೆ ಕೊಳವೆ ಹಾಕುವ ಕೋಣೆಯಲ್ಲಿ ನಾನು ಟೆಕ್ನೀಷಿಯನ್. ಗಾಜಿನ ಈಚೆ ಕೂತು ಪರದೆಯ ಮೇಲೆ ರಕ್ತದೊತ್ತಡದ ಗೆರೆ ನೋಡುತ್ತಿರಬೇಕು. ಗೆರೆ ಏರಿಳಿಯುತ್ತಿದ್ದರೆ ಸರಿ. ಚಪ್ಪಟೆಯಾದರೆ ಕೊಳವೆಯ ತುದಿ ನಾಳದ ಗೋಡೆಗೆ ಒತ್ತಿಕೊಂಡಿದೆ ಎಂದರ್ಥ. ಆಗ, ನಾಳ ಪರದೆಯಲ್ಲಿ ಕಾಣಲೆಂದು ಬಿಡುವ ಬಣ್ಣದ ದ್ರವ ತಳ್ಳಿದರೆ ಗೋಡೆ ಹರಿಯಬಹುದು. "ಗೆರೆ ಬಿತ್ತು" ಎಂದು ಮೈಕಿನಲ್ಲಿ ಕೂಗುವುದೇ ನನ್ನ ಕೆಲಸ.

ಭಾವನಿಗೇ ಕೊಳವೆ ಹಾಕಬೇಕಾಗಿ ಬಂದಾಗ ಅವರು ಬೇಡವೇ ಬೇಡ ಎಂದು ಹಟ ಹಿಡಿದರು. ನಾನು ಹೊಸ ಮಾದರಿಯ ಕೊಳವೆಯ ಒಂದು ತುಂಡು ತಂದು ಅಕ್ಕನ ಕೆನ್ನೆಗೆ ಸವರಿದೆ.

"ಬೆಣ್ಣೆ ಥರ ಇದೆ ಕಣೇ," ಅಂದಳು ಅಕ್ಕ.

"ಇದರಿಂದ ಏನೂ ಆಗಲ್ಲ ಭಾವ. ನಾನೇ ಒಳಗಿರ್ತೀನಲ್ಲ."

"ನೀನಿದ್ರೆ ಸರಿ. ನಿನ್ನ ಬಾಯಿಗೆ ಯಮನೂ ಹೆದರ್ತಾನೆ," ಎಂದು ಒಪ್ಪಿದರು.

ಭಾವನ ಸರದಿಯ ಹಿಂದಿನ ದಿನ ಬೇರೊಬ್ಬ ರೋಗಿಗೆ ಕೊಳವೆ ಹಾಕುವಾಗ ನಾನು ಮೂರು ಸಲ ಕೂಗಿದ್ದೆ. ಮೂರು ಸಲವೂ ಏನೂ ಆಗಿರಲಿಲ್ಲ. ದೊಡ್ಡ ಡಾಕ್ಟರು ಎಲ್ಲರೆದುರು, "ಇದು ಮೆತ್ತನೆ ತುದಿ ಕಣಮ್ಮ, ಗುಮ್ಮ ಅಲ್ಲ. ಮಾತು ಬೆಳ್ಳಿ, ಮೌನ ಬಂಗಾರ," ಅಂದರು. ನರ್ಸುಗಳು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಇನ್ನು ಇವರು ಕೇಳಿದರೂ ತುಟಿ ಬಿಚ್ಚಬಾರದು ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಭಾವ ಗಾಜಿನ ಆಚೆಯಿಂದ ನನಗೆ ಕೈ ಬೀಸಿ ಮಲಗಿದರು. ಕೊಳವೆ ಮಣಿಕಟ್ಟಿನಿಂದ ಹೃದಯದವರೆಗೆ ಹೋಯಿತು. ಗೆರೆ ಬಿತ್ತು. ನೋಡಿದೆ. ಡಾಕ್ಟರಿಗೂ ಕಾಣುತ್ತಿರಬೇಕು, ಮತ್ತೆ ನಾನೇಕೆ ನಗೆಪಾಟಲಾಗಲಿ ಎಂದುಕೊಳ್ಳುವಷ್ಟರಲ್ಲಿ ಬಣ್ಣ ಹೋಗಿಯಾಗಿತ್ತು. ಪರದೆಯಲ್ಲಿ ಅದು ನಾಳದ ಗೋಡೆಯುದ್ದಕ್ಕೂ ಸೀಳಿಕೊಂಡು ನಿಂತಿತು. ಭಾವ ನರಳಿದರು. ಹರಿದ ನಾಳ ಮುಚ್ಚಿಹೋಗದಂತೆ ಒಂದರ ಹಿಂದೊಂದು ಮೂರು ಸ್ಟೆಂಟ್ ಹಾಕಬೇಕಾಯಿತು. ಎರಡು ಗಂಟೆ ನಾನು ಒತ್ತಡದ ಅಂಕಿಯನ್ನು ಮೈಕಿನಲ್ಲಿ ಓದಿ ಹೇಳುತ್ತ ಕೂತೆ.

ಜೀವ ಉಳಿಯಿತು. ಮೂರನೆಯ ದಿನ ವಾರ್ಡಿನಲ್ಲಿ ಅಕ್ಕ ಅದೇ ತುಂಡನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. "ಇಷ್ಟು ಮೆತ್ತಗಿರೋದ್ರಿಂದ ನಾಳ ಹೇಗೆ ಹರೀತು?" ಎಂದು ನನ್ನನ್ನೇ ಕೇಳಿದಳು.

ಭಾವ ನನ್ನ ಕೈ ಹಿಡಿದುಕೊಂಡರು. "ಅದು ನನ್ನ ಹಣೆಬರಹ ಬಿಡು. ಈ ಬಾಯಿಬಡುಕಿ ಒಳಗಿದ್ದಿದ್ದಕ್ಕೆ ಬದುಕ್ದೆ. ಇನ್ನೊಂದು ನಾಳ ಬಾಕಿ ಇದೆಯಂತೆ. ಅದಕ್ಕೂ ಇವಳೇ ಕೂತ್ಕೊಬೇಕು."

ಸುಮ್ಮನಿದ್ದರೆ ಎಲ್ಲವೂ ಮುಚ್ಚಿಹೋಗುತ್ತಿತ್ತು. ಡಾಕ್ಟರೂ ನನ್ನನ್ನು ಏನೂ ಕೇಳಿರಲಿಲ್ಲ. ಆದರೆ ಭಾವನ ಕೈ ಬೆಚ್ಚಗಿತ್ತು, ನನಗೆ ತಡೆಯಲಾಗಲಿಲ್ಲ.

"ಗೆರೆ ಬಿದ್ದಿತ್ತು ಭಾವ. ನಾನು ನೋಡ್ದೆ. ಹಿಂದಿನ ದಿನ ಡಾಕ್ಟರ ಹತ್ರ ಅನ್ನಿಸ್ಕೊಂಡಿದ್ದೆ. ಆ ಸಿಟ್ಟಿಗೆ ಕೂಗ್ಲಿಲ್ಲ."

ಅಕ್ಕನ ಬೆರಳು ನಿಂತಿತು. ಭಾವ ಮೆಲ್ಲಗೆ ಕೈ ಬಿಡಿಸಿಕೊಂಡು ಹೊದಿಕೆಯೊಳಗೆ ಇಟ್ಟುಕೊಂಡರು.

ಇನ್ನೊಂದು ನಾಳಕ್ಕೆ ಅವರು ಬೇರೆ ಆಸ್ಪತ್ರೆಗೆ ಹೋದರು. ಈಗ ನಾನು ಗೆರೆ ತುಸು ಕುಗ್ಗಿದರೂ ಕೂಗುತ್ತೇನೆ; ಡಾಕ್ಟರು ಏನೂ ಅನ್ನುವುದಿಲ್ಲ. ಅಕ್ಕನ ಮನೆಗೂ ಹೋಗಿಬರುತ್ತೇನೆ. ಭಾವ ಕುರ್ಚಿ ತೋರಿಸಿ, "ಕೂತ್ಕೊಳ್ಳಮ್ಮ," ಅನ್ನುತ್ತಾರೆ. ಬಾಯಿಬಡುಕಿ ಎಂದು ಕರೆಯುವುದಿಲ್ಲ.