ಕಲ್ಲು ಕಟ್ಟದ ದಡ

ಎರಡು ಸಾವಿರದ ಮೂರನೇ ಇಸವಿ. ಜೆ.ಪಿ. ನಗರದಾಚೆಯ ಕೆರೆಗೆ ನಾಲ್ಕೂ ಕಡೆ ಕಲ್ಲಿನ ಗೋಡೆ ಕಟ್ಟಿಸಿ ಚಂದಗಾಣಿಸಲು ಬಡಾವಣೆಯ ಸಂಘ ತೀರ್ಮಾನಿಸಿತು. ಕೆರೆಮೀನುಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಮಧುಮತಿ ಸಭೆಗೆ ಹೋದಳು. ಗದಗಿನವಳು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಕೋಣೆ. ತಟ್ಟೆಯಲ್ಲಿನ ಬೋಂಡಾ ಮುಗಿಯುವವರೆಗೆ ಅವಳ ಮಾತಿಗೆ ಯಾರೂ ಕಿವಿಗೊಡಲಿಲ್ಲ.

"ಒಂದ್ ದಂಡಿ ಮಣ್ಣಿಂದ ಇರ್ಲಿ ಬಿಡ್ರಿ ಸರ್. ಕಲ್ಲಿನ ಗ್ವಾಡಿ ಮ್ಯಾಲೆ ಮೀನ ತತ್ತಿ ಹೆಂಗ ಇಡಬೇಕ್ರಿ? ಇಲ್ಲೇ ಹುಟ್ಟಿ ಬೆಳದ ಮೀನಿಗೆ ಕಡಿಮಿ ನೀರು, ಹುಲ್ಲು ಬೇಕ್ರಿ."

ಅಧ್ಯಕ್ಷ ಶ್ರೀಕರ್, ನಿವೃತ್ತ ಎಂಜಿನಿಯರ್, ಕೈಯೊರೆಸಿಕೊಂಡು ನಕ್ಕರು. "ಏನಮ್ಮಾ, ವಾಕಿಂಗ್ ಬರೋರು ನಾವು, ಮೀನಲ್ಲ. ಮೀನೇ ಬೇಕಂದ್ರೆ ತರಿಸೋಣ ಬಿಡು. ಕೆಂಪುದು, ನೋಡಕ್ಕೆ ಚೆನ್ನಾಗಿರೋದು."

ಗೋಡೆ ಎದ್ದಿತು. ನಾದಸ್ವರ ಊದಿಸಿ, ಪ್ಲಾಸ್ಟಿಕ್ ಚೀಲಗಳಿಂದ ಅಲಂಕಾರದ ಮೀನು ಸುರಿದರು. ಬೆಳ್ಳಕ್ಕಿಗಳಿಗೆ ಅಷ್ಟು ಸಲೀಸಾದ ಊಟ ಹಿಂದೆಂದೂ ಸಿಕ್ಕಿರಲಿಲ್ಲ. ಗೋಡೆಯ ಮೇಲೆ ಸಾಲಾಗಿ ಕೂತು, ಕೆಂಪು ಕಂಡಲ್ಲೆಲ್ಲ ಕುಕ್ಕಿದವು. ವಾರದೊಳಗೆ ಸಂಘದ ಸೊಬಗೆಲ್ಲ ಅವುಗಳ ಹೊಟ್ಟೆ ಸೇರಿತು.

ಮೂಡಣ ಮೂಲೆ ಮಾತ್ರ ಮಣ್ಣಾಗಿಯೇ ಉಳಿದಿತ್ತು. ಯಾರ ವಿವೇಕದಿಂದಲೂ ಅಲ್ಲ. ಕಂಟ್ರಾಕ್ಟರ್ ಮುತ್ತುರಾಜ ಕತ್ರಿಗುಪ್ಪೆಯಲ್ಲಿ ಇನ್ನೂ ದೊಡ್ಡ ಕೆಲಸ ಸಿಕ್ಕಿತೆಂದು ಇದನ್ನು ಅರ್ಧಕ್ಕೇ ಬಿಟ್ಟು ಹೋಗಿದ್ದ.

ಮಳೆಗಾಲ ಕಳೆದ ಮೇಲೆ ಮಧುಮತಿ ಎರಡೂ ಕಡೆ ಬಲೆ ಹಾಕಿ ನೋಡಿದಳು. ಗೋಡೆಯ ಬುಡದಲ್ಲಿ ಪರದೇಶದಿಂದ ಬಂದು ಠಿಕಾಣಿ ಹೂಡಿದ ಜಿಲೇಬಿ ಮೀನು ಬಿಟ್ಟರೆ ಬೇರೇನಿಲ್ಲ. ಮಣ್ಣಿನ ಮೂಲೆಯಲ್ಲಿ ನೆತ್ತಿಯ ಮೇಲೆ ಬಿಳಿ ಚುಕ್ಕೆಯ ಪುಟ್ಟ ನಾಟಿ ಮೀನು. ಹುಲ್ಲಿನ ಬೇರಿಗಂಟಿದ ತತ್ತಿ, ಸೂಜಿಯಂಥ ಮರಿಗಳು. ಕೆಸರಿನಲ್ಲೇ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

ಅವಳ ಸಂಶೋಧನೆಯ ಸುದ್ದಿ ಪತ್ರಿಕೆಯಲ್ಲಿ ಬಂದದ್ದೇ ತಡ, ಮೂಲೆಯಲ್ಲಿ ಫಲಕವೊಂದು ಎದ್ದಿತು: 'ನಾಟಿ ಮೀನು ಸಂರಕ್ಷಣಾ ತಾಣ. ಪರಿಕಲ್ಪನೆ: ಶ್ರೀಕರ್.'

"ನೋಡಮ್ಮಾ, ನಮ್ ಪ್ಲಾನೇ ಹಾಗಿತ್ತು," ಎಂದರು ಅಧ್ಯಕ್ಷರು, ಚೂರೂ ಅಳುಕದೆ.

ನಾಲಿಗೆಯ ತುದಿಗೆ ಬಂದದ್ದನ್ನು ಮಧುಮತಿ ಗದಗಿನಲ್ಲಾಗಿದ್ದರೆ ಆಡಿಯೇ ಬಿಡುತ್ತಿದ್ದಳು. ಇಲ್ಲಿ ನುಂಗಿಕೊಂಡಳು. "ಭಾಳ ಶಾಣ್ಯಾ ಅದೀರಿ ಸರ್. ಹಂಗಾರ ಆಕಡಿ ಗ್ವಾಡೀನೂ ಒಡಸ್ರಿ. ಇನ್ನೊಂದ್ ಬೋರ್ಡ್ ಹಾಕಾಕ ಜಾಗಾ ಆಕ್ಕೈತಿ."

ಶ್ರೀಕರ್ ಗಂಭೀರವಾಗಿ ಯೋಚಿಸಿದರು. ಮುಂದಿನ ಬೇಸಿಗೆಯಲ್ಲಿ ಪಡುವಣ ಗೋಡೆಗೆ ಹಾರೆ ಬಿತ್ತು. ಅಧ್ಯಕ್ಷರು ಹಾರ ಹಾಕಿಕೊಂಡು ಫೋಟೋಗೆ ನಿಂತರು. ಮಧುಮತಿ ಪ್ಯಾಂಟು ಮಡಚಿ ನೀರಿಗಿಳಿದು, ಬೇರುಸಹಿತ ಕಿತ್ತು ತಂದ ಹುಲ್ಲನ್ನು ಹೊಸ ದಡಕ್ಕೆ ನೆಡತೊಡಗಿದಳು. ಫೋಟೋಗೆ ಬಾರಮ್ಮಾ ಎಂದು ಯಾರೋ ಕೂಗಿದರೂ ತಿರುಗಿ ನೋಡಲಿಲ್ಲ.