‘ಬೋಟು ಬಂತಾ’ ಎನ್ನುವ ವಿಳಾಸ

ಕೇರಳದ ಕುಟ್ಟನಾಡಿನ ಕುರ್ಯಾಚನ್ ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಬೋಟು ನಡೆಸಿ ನಿವೃತ್ತನಾದವನು. ಕೆಲಸ ಬಿಟ್ಟರೂ ಕಣ್ಣು ಮಾತ್ರ ಮನೆಯೆದುರಿನ ಕಾಲುವೆ ಬಿಟ್ಟು ಕದಲಿರಲಿಲ್ಲ. ಯಾವ ಬೋಟು ಎಷ್ಟು ತಡ, ಯಾವುದು ಇವತ್ತು ಬರುವುದೇ ಇಲ್ಲ ಎಂಬುದನ್ನೆಲ್ಲ ಒಂದು ಪುಟದಲ್ಲಿ ಬರೆಯುತ್ತಿದ್ದ. ಪುಟ ಇದ್ದದ್ದು ಅವನ ಮುಂದಿನ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ. ಸುತ್ತಲಿನವರು ಅದನ್ನು ಫೋನಿನಲ್ಲಿ ನೋಡಿಕೊಂಡೇ ಮನೆಯಿಂದ ಹೊರಡುತ್ತಿದ್ದರು.

ತೊಂದರೆಯೆಂದರೆ ಆ ಪುಟಕ್ಕೆ ಹೆಸರಿರಲಿಲ್ಲ. ನಡುನಡುವೆ ಚುಕ್ಕಿಗಳಿದ್ದ ಉದ್ದನೆಯ ಸಂಖ್ಯೆಯೇ ವಿಳಾಸ. ಕರೆಂಟು ಹೋಗಿ ಬಂದಾಗಲೆಲ್ಲ ಆ ಸಂಖ್ಯೆ ಬದಲಾಗುತ್ತಿತ್ತು. ಕೂಡಲೇ ಫೋನು ಹೊಡೆದುಕೊಳ್ಳುತ್ತಿತ್ತು: “ಅಚ್ಚಾಯಾ, ಈಗಿನ ನಂಬರ್ ಎಷ್ಟು?”

“ಒಂದು ಹೆಸರು ಕೊಂಡ್ಕೊಬಾರ್ದಾ?” ಎಂದಳು ಹೆಂಡತಿ ಏಲಿಯಾಮ್ಮ. “ನಮ್ಮ ಹಸುಗೂ ಒಂದು ಹೆಸರಿದೆ.”

“ಏನಂತ ಇಡೋದು?”

“ಎಲ್ರೂ ಏನು ಕೇಳ್ತಾರೋ ಅದನ್ನೇ ಇಡಿ.”

ಎಲ್ಲರೂ ಕೇಳುತ್ತಿದ್ದದ್ದು ‘ಬೋಟ್ ವನ್ನೋ?’, ಅಂದರೆ ಬೋಟು ಬಂತಾ, ಎಂದು. ಹಾಗಾಗಿ ಬೋಟ್‌ವನ್ನೋ ಡಾಟ್ ಇನ್ ಎಂಬ ಹೆಸರು ಒಂದು ವರ್ಷದ ಮಟ್ಟಿಗೆ ಕುರ್ಯಾಚನ್‌ನದಾಯಿತು. ಖುಷಿ ತಡೆಯಲಾರದೆ ಭಾನುವಾರವೇ ಅದನ್ನು ಚೀಟಿಯಲ್ಲಿ ಬರೆದು ಬೋಟು ನಿಲ್ಲುವ ಕಟ್ಟೆಯ ಬೋರ್ಡಿಗೆ ಅಂಟಿಸಿ ಬಂದ.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಕೂತ. ಹೆಸರು ಮಾರಿದವರ ಪುಟದಲ್ಲಿ, ಆ ಹೆಸರಿನ ಮುಂದೆ ಚುಕ್ಕಿಗಳ ಸಂಖ್ಯೆಯನ್ನು ತುಂಬಿದ. ಸಂಖ್ಯೆ ಬದಲಾದಾಗಲೆಲ್ಲ ತಾನಾಗಿಯೇ ಹೊಸದನ್ನು ಅಲ್ಲಿ ತುಂಬುವ ಚಿಕ್ಕ ಪ್ರೋಗ್ರಾಂ ಒಂದನ್ನು ಕಂಪ್ಯೂಟರಿಗೆ ಹಾಕಿದ. ಆಮೇಲೆ ಕೈ ಮುಗಿದು ಹೆಸರು ಒತ್ತಿದ. ಬಂದದ್ದು ಬೋಟಿನ ಪುಟವಲ್ಲ, ಮನೆಯ ಮೋಡೆಮ್ಮಿನ ಪುಟ. ಪಾಸ್‌ವರ್ಡ್ ಕೊಡು ಎನ್ನುತ್ತಿತ್ತು. ಮತ್ತೆ ಒತ್ತಿದ. ಮತ್ತೆ ಅದೇ. ತುಂಬಿದ್ದನ್ನೆಲ್ಲ ಅಳಿಸಿ ಮತ್ತೆ ತುಂಬಿದ. ಕಾಫಿ ಆರಿಹೋಯಿತು.

“ನಾಳೆ ಸರಿಹೋಗ್ಬಹುದು ಬಿಡಿ,” ಎಂದಳು ಏಲಿಯಾಮ್ಮ.

“ಬೋರ್ಡಿಗೆ ಅಂಟಿಸಿಬಿಟ್ಟಿದೀನಲ್ಲೇ. ಊರೆಲ್ಲ ನಗುತ್ತೆ.”

ಅಷ್ಟರಲ್ಲಿ ಫೋನು ಬಂತು. ಕಾಲುವೆಯಾಚೆ ಬಾತುಕೋಳಿ ಸಾಕುವ ಶ್ಯಾಮಳೆ.

“ಏನ್ ಅಚ್ಚಾಯಾ, ಒಂಬತ್ತು ಇಪ್ಪತ್ತರದ್ದು ಇನ್ನೂ ಬಂದಿಲ್ಲ ಅಂತ ಹಾಕಿದೀರಿ. ನಂಬ್ಕೊಂಡು ಮನೇಲಿ ಕೂತೆ. ಅದು ಕಣ್ಣೆದುರೇ ಹೊರಟೋಯ್ತು. ಬುಟ್ಟಿ ತುಂಬ ಮೊಟ್ಟೆ ಇಟ್ಕೊಂಡು ನಿಂತಿದೀನಿ.”

ಹೆಸರಿನ ಗಲಾಟೆಯಲ್ಲಿ ಅವನು ಆ ಬೋಟನ್ನು ಬರೆಯುವುದನ್ನೇ ಮರೆತಿದ್ದ. ಆದರೆ ಅವನ ಕಿವಿಗೆ ಬಿದ್ದದ್ದು ಬೇರೆಯೇ. “ಮಗಳೇ, ಎಲ್ಲಿ ನೋಡ್ದೆ ನೀನು?”

“ಬೋರ್ಡ್ ಮೇಲಿದ್ದ ಹೆಸರು ಒತ್ತಿ ನೋಡ್ದೆ. ಇನ್ನೆಲ್ಲಿ?”

ಕುರ್ಯಾಚನ್ ದೋಣಿ ಬಿಚ್ಚಿ ಆಚೆ ದಡಕ್ಕೆ ಹೋದ. ಅವನದು ಬಟನ್ ಫೋನು, ಅದರಲ್ಲಿ ಪುಟ ಕಾಣುವಂತಿರಲಿಲ್ಲ. ಶ್ಯಾಮಳೆಯ ಫೋನಿನಲ್ಲಿ ಎಲ್ಲವೂ ಇತ್ತು: ಹೆಸರು, ಬೋಟುಗಳು, ಅವನ ಮರೆವು ಕೂಡ. ಮನೆಯೊಳಗಿನಿಂದ ತನ್ನದೇ ಮನೆಯನ್ನು ಹೆಸರು ಹಿಡಿದು ಕೂಗಿದರೆ ಮೋಡೆಮ್ಮು ತನ್ನನ್ನೇ ಕರೆದರೆಂದು ಓಗೊಡುತ್ತಿದೆ, ಹೊರಗಿನವರನ್ನು ಮಾತ್ರ ಸರಿಯಾಗಿ ಒಳಗೆ ಬಿಡುತ್ತಿದೆ ಎಂದು ಅವನಿಗೆ ಆಗ ಹೊಳೆಯಿತು.

“ಊರಿಗೆಲ್ಲ ಕಾಣುತ್ತೆ, ನಂಗೊಬ್ಬನಿಗೇ ಕಾಣಲ್ಲ,” ಎಂದು ನಕ್ಕ.

“ನೀವು ನೋಡೋಕೆ ಪುಟ ಯಾಕೆ? ಕಿಟಕಿ ಇದೆಯಲ್ಲ,” ಎಂದಳು ಶ್ಯಾಮಳೆ. “ಈಗ ನನ್ನನ್ನ ಪೇಟೆಗೆ ಯಾರು ಬಿಡ್ತಾರೆ?”

ಅವನೇ ಬಿಟ್ಟ. ಮೊಟ್ಟೆ ಬುಟ್ಟಿಯನ್ನು ನಡುವೆ ಇಟ್ಟುಕೊಂಡು, ಹಳೆಯ ಠೀವಿಯಲ್ಲಿ, ಮುಂದಿನ ಎರಡು ಕಟ್ಟೆಗಳ ಹೆಸರು ಕೂಗಿ ಹೇಳುತ್ತ ದೋಣಿ ನಡೆಸಿದ.

ಮಧ್ಯಾಹ್ನ ಕರೆಂಟು ಹೋಯಿತು, ಅರ್ಧ ಗಂಟೆಗೆ ಬಂತು. ಕುರ್ಯಾಚನ್ ಫೋನನ್ನು ಮುಂದಿಟ್ಟುಕೊಂಡು ಕಾದ. ಒಂದು ಕರೆಯೂ ಇಲ್ಲ. ಸಿಗ್ನಲ್ ಇದೆಯೋ ಇಲ್ಲವೋ ಎಂದು ಎತ್ತಿ ನೋಡಿದ. ಇತ್ತು.

“ಇನ್ಯಾರೂ ನಂಬರ್ ಕೇಳಲ್ಲ, ಬನ್ನಿ,” ಎಂದು ಏಲಿಯಾಮ್ಮ ಅಡುಗೆಮನೆಯಿಂದ ಕರೆದಳು.

ಬೆಂದ ಮರಗೆಣಸು, ಕೆಂಪಗಿನ ಮೀನು ಸಾರು. ಅವನು ಕಿಟಕಿಗೆ ಎದುರಾಗಿ ಕೂತು, ಎಂದಿಗಿಂತ ಒಂದು ತುಂಡು ಹೆಚ್ಚೇ ಮೀನು ಹಾಕಿಸಿಕೊಂಡ.