ಕೆಸರಿನಲ್ಲಿದ್ದ ಗಂಟೆ

“ಶಾಲೆ ನಂಬರ್ ಹದಿನಾರು. ಭೂಗೋಳ. ಎರಡನೇ ವರ್ಷ, ಸಂಜೆ ಪಾಳಿ. ಹೆರಿಗೆ ರಜೆ, ಮೂರು ತಿಂಗಳು,” ಎಂದು ಶಿಕ್ಷಣ ಕಚೇರಿಯ ಸಾರ್ತೋರಿ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದ. ಶಾಲೆಯ ಆಟದ ಹಾಲ್‌ನ ತಗಡಿನ ಮಾಡಿಗೆ ಬಡಿದ ಅವನ ದನಿ ಎರಡೆರಡು ಸಲ ಹೇಳಿದಂತೆ ಕೇಳಿಸುತ್ತಿತ್ತು. ಮುಂದಿನ ಬೆಂಚಿನಿಂದ ಇಬ್ಬರು ಎದ್ದು ನಿಂತರು. ಗ್ರಿಸೆಲ್ದಾ ಪುಸ್ತಕದಿಂದ ತಲೆ ಎತ್ತಲಿಲ್ಲ. ಭೂಗೋಳ ಅವಳದಲ್ಲ, ಅವಳದು ಸಾಹಿತ್ಯ.

“ಆ ಗಂಟೆ ಇನ್ನೂ ಕೆಸರಲ್ಲೇ ಇದ್ಯೇನೇ?” ಎಂದಳು ಪಕ್ಕದಲ್ಲಿದ್ದ ಎರ್ಮಿನಿಯಾ, ಮತೆ ಎಲೆಯ ಚಹಾ ತುಂಬಿದ ಸೋರೆಬುರುಡೆಗೆ ಬಿಸಿನೀರು ಹೊಯ್ಯುತ್ತ.

“ಕೆಸರಿಗೆ ಇನ್ನೂ ಬಂದಿಲ್ಲ. ಎರಡು ಪುಟ ಇದೆ.”

“ಮೂರನೇ ಸಲ ಅಲ್ವಾ ಇದು? ಆ ಎತ್ತುಗಳಿಗೂ ದಾರಿ ಬಾಯಿಪಾಠ ಆಗಿರ್ಬೇಕು, ಪಾಪ.”

ಗ್ರಿಸೆಲ್ದಾ ಬುರುಡೆಯನ್ನು ತೆಗೆದುಕೊಂಡು, ಕೊಳವೆಯಿಂದ ಎರಡು ಗುಟುಕು ಹೀರಿ, ಮತ್ತೆ ಓದಿಗೆ ಇಳಿದಳು. ಮಂಗಳವಾರಗಳಂದು ಅವರಿಬ್ಬರ ನಡುವೆ ಇದೇ ಒಪ್ಪಂದ. ಒಬ್ಬಳು ಓದುತ್ತಾಳೆ, ಇನ್ನೊಬ್ಬಳು ಕಿವಿ ತೆರೆದಿಟ್ಟುಕೊಂಡು, ಸಾಹಿತ್ಯ ಎಂಬ ಮಾತು ಬಿದ್ದ ಕೂಡಲೇ ಮೊಣಕೈಯಿಂದ ತಿವಿಯುತ್ತಾಳೆ. ಶಾಲೆಗಳಲ್ಲಿ ಖಾಲಿ ಬಿದ್ದ ಬದಲಿ ಶಿಕ್ಷಕರ ಕೆಲಸಗಳನ್ನು ಒಂದೊಂದಾಗಿ ಓದುವಾಗ ಬೇಕಾದವರು ಎದ್ದು ನಿಲ್ಲಬೇಕು. ನಿಂತವರಲ್ಲಿ ಪಟ್ಟಿಯಲ್ಲಿ ಮೇಲಿರುವವರಿಗೆ ಕೆಲಸ. ಸಾಹಿತ್ಯದ ಪಟ್ಟಿಯಲ್ಲಿ ಗ್ರಿಸೆಲ್ದಾ ಇಪ್ಪತ್ತೊಂದು, ಎರ್ಮಿನಿಯಾ ಇಪ್ಪತ್ತೆರಡು. ಅವರಿಗಿಂತ ಮೇಲಿನವರಿಗೆಲ್ಲ ಎಲ್ಲಾದರೂ ಒಂದು ಕಡೆ ನೆಲೆ ಸಿಕ್ಕಿತ್ತು. ಸೆಪ್ಟೆಂಬರಿನಲ್ಲಿ ಆ ಬೆಂಚಿಗೆ ಬರುತ್ತಿದ್ದವರು ಅವರಿಬ್ಬರೇ.

ಒಮ್ಮೆ ‘ಒಪ್ಪಿದೆ’ ಎಂದರೆ ಮುಗಿಯಿತು. ಆ ದಿನ ಮತ್ತೊಂದನ್ನು ಕೇಳುವಂತಿಲ್ಲ. ಕೊಟ್ಟ ಮಾತು ಹಿಂತೆಗೆದುಕೊಂಡರೆ ಮುಂದಿನ ವರ್ಷದವರೆಗೆ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ.

ಪುಸ್ತಕ ದಪ್ಪನೆಯ ಕಾದಂಬರಿ. ಗಂಡ ಸತ್ತ ಗಾಡಿಯವಳೊಬ್ಬಳು ಎರಕದ ಗಂಟೆಯೊಂದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು, ಜೌಗು ದಾಟಿ, ಗಂಟೆಯೇ ಇಲ್ಲದ ಒಂದು ಪುಟ್ಟ ಗುಡಿಗೆ ಒಯ್ಯುವ ಕಥೆ. ಮೇ ತಿಂಗಳಲ್ಲಿ ಗ್ರಿಸೆಲ್ದಾ ಅದನ್ನು ಒಂಬತ್ತನೇ ನಂಬರ್ ಪ್ರೌಢಶಾಲೆಯ ನಾಲ್ಕನೇ ವರ್ಷದ ‘ಬಿ’ ತರಗತಿಗೆ ಗಟ್ಟಿಯಾಗಿ ಓದಿ ಹೇಳತೊಡಗಿದ್ದಳು. ಅಲ್ಲಿನ ಬೆರೋನ್ ಮೇಡಂ ಬೆನ್ನುನೋವೆಂದು ಆರು ವಾರ ರಜೆ ಹಾಕಿದ್ದರು. ಮುಂದಿನ ಪುಟವನ್ನು ಮಕ್ಕಳಿಗಿಂತ ಮೊದಲೇ ಓದಿಕೊಳ್ಳುವುದಿಲ್ಲ ಎಂಬುದು ಗ್ರಿಸೆಲ್ದಾಳ ನೇಮ. ದಾರಿ ಗೊತ್ತಿರುವ ದನಿ ನೋಡಿ ಹೆಜ್ಜೆ ಇಡುವುದಿಲ್ಲ ಎಂದು ಅವಳು ನಂಬಿದ್ದಳು. “ನನಗೂ ಗೊತ್ತಿಲ್ಲ, ನಿಮ್ಮಷ್ಟೇ ನನಗೂ ಗೊತ್ತಿರೋದು,” ಎಂದು ಮಕ್ಕಳಿಗೂ ಹೇಳಿದ್ದಳು. ಹದಿನೆಂಟನೆಯ ಅಧ್ಯಾಯದಲ್ಲಿ ಗಾಡಿ ಕೆಸರಿನಲ್ಲಿ ಹೂತುಕೊಂಡಿತು. ಮರುದಿನ ಬೆರೋನ್ ಮೇಡಂ ವಾಪಸು ಬಂದರು.

ಆಮೇಲೆ ಅವಳು ಹದಿನೆಂಟರ ಆಚೆಗೆ ಹೋಗಲೇ ಇಲ್ಲ. ಅಲ್ಲಿಗೆ ಬಂದೊಡನೆ ಗುರುತಿಗೆ ದಾರವಿಟ್ಟು ಮುಚ್ಚಿ, ಮುಂದಿನ ಮಂಗಳವಾರ ಮತ್ತೆ ಮೊದಲ ಪುಟದಿಂದ ಹಿಡಿಯುತ್ತಿದ್ದಳು.

“ನೀರು ಮುಗೀತು,” ಎಂದು ಎರ್ಮಿನಿಯಾ ಫ್ಲಾಸ್ಕ್ ಅಲುಗಿಸಿದಳು. “ಕಾವಲುಗಾರನ ಹತ್ರ ಬಿಸಿನೀರು ಇಸ್ಕೊಂಡು ಬರ್ತೀನಿ. ಕಿವಿ ಕೊಟ್ಟಿರು ಮಗಳೇ. ಇವತ್ತು ನಿನಗೆ ಬೇಕೇ ಬೇಕು.”

“ಕೊಟ್ಟಿರ್ತೀನಿ, ಹೋಗಿ ಬನ್ನಿ.”

ಬೇಕೇ ಬೇಕು ಎಂದದ್ದು ಸುಮ್ಮನೆ ಅಲ್ಲ. ಗ್ರಿಸೆಲ್ದಾ ಇರುವುದು ಅಕ್ಕ ಎದಿತಳ ಮನೆಯಲ್ಲಿ, ಹೊಲಿಗೆ ಮಿಷನ್ನಿನ ಕೋಣೆಯಲ್ಲಿ. ಭಾವ ಅನ್ಸೆಲ್ಮೊ ಕೋಳಿ ಕಾರ್ಖಾನೆಯ ಆಫೀಸಿನಲ್ಲಿ ಅವಳಿಗೊಂದು ಜಾಗ ಹೇಳಿಟ್ಟಿದ್ದ. ಬಂದ ಲಾರಿ, ಹೋದ ಲಾರಿ ಬರೆದಿಡುವ ಕೆಲಸ. ಈ ಮಂಗಳವಾರವೂ ಏನೂ ಸಿಗದಿದ್ದರೆ ಸೋಮವಾರದಿಂದ ಅಲ್ಲಿಗೆ. ಅವನದು ಕೆಟ್ಟ ಮನಸ್ಸಲ್ಲ. ಹೇಳುವಾಗ ಅವಳ ತಟ್ಟೆಗೆ ಇನ್ನೊಂದು ತುಂಡು ಮಾಂಸ ಹಾಕಿದ್ದ. ಅವನಿಗೆ ಎದುರು ಹೇಳಲು ಅವಳಿಗೆ ಬಾಯಿ ಬರದಂತೆ ಆಗಿದ್ದೂ ಅದರಿಂದಲೇ.

ಅವಳು ಕಿವಿ ಕೊಟ್ಟಿದ್ದಳು. ಆದರೆ ಕಣ್ಣು ಪುಟದ ಮೇಲಿತ್ತು. ಎತ್ತುಗಳ ಮುಂದೆ ನೆಲ ಕಪ್ಪಾಗುತ್ತಿತ್ತು. ಗಾಡಿಯವಳು ಕೆಳಗಿಳಿದು ಕೋಲಿನಿಂದ ನೆಲವನ್ನು ಚುಚ್ಚಿ ನೋಡುತ್ತಿದ್ದಳು.

“ಶಾಲೆ ನಂಬರ್ ಒಂಬತ್ತು,” ಎಂದಿತು ಮಾಡು. “ಸಾಹಿತ್ಯ. ನಾಲ್ಕನೇ ವರ್ಷ, ‘ಬಿ’...”

ಅವಳು ನಿಂತಾಗಿತ್ತು. ಮಡಿಲಿನಿಂದ ಪುಸ್ತಕ ನೆಲಕ್ಕೆ ಬಿತ್ತು. “ಒಪ್ಪಿದೆ!”

ಹಾಲಿನಲ್ಲಿ ಒಂದಿಬ್ಬರು ನಕ್ಕರು. ಸಾರ್ತೋರಿ ಕನ್ನಡಕದ ಮೇಲಿನಿಂದ ನೋಡಿದ. “ತಾಯೀ, ನಾನಿನ್ನೂ ಓದಿ ಮುಗಿಸಿಲ್ಲ.”

“ಒಪ್ಪಿದೆ,” ಎಂದಳು ಮತ್ತೆ, ಈ ಸಲ ಮೆಲ್ಲಗೆ.

“ಬೆಳಗಿನ ಪಾಳಿ. ಶಸ್ತ್ರಚಿಕಿತ್ಸೆ ರಜೆ. ಹದಿನೈದು ದಿನ,” ಎಂದು ಅವನು ಉಳಿದದ್ದನ್ನು ಓದಿ ಮುಗಿಸಿ, ರಿಜಿಸ್ಟರನ್ನು ಅವಳ ಕಡೆಗೆ ತಿರುಗಿಸಿದ. “ಇಲ್ಲಿ ಸಹಿ.”

ಅವಳು ಸಹಿ ಹಾಕಿ ಪೆನ್ನು ಕೆಳಗಿಡುವ ಮೊದಲೇ ಅವನ ಕೈ ಮುಂದಿನ ಕಾಗದಕ್ಕೆ ಹೋಗಿತ್ತು. “ಶಾಲೆ ನಂಬರ್ ಮೂವತ್ತೊಂದು. ಸಾಹಿತ್ಯ. ಮೂರು, ನಾಲ್ಕು, ಐದನೇ ವರ್ಷ. ಮೇಡಂ ನಿವೃತ್ತಿ. ಜಾಗ ಖಾಲಿ, ಖಾಯಂ ನೇಮಕ ಆಗೋವರೆಗೆ.”

ಖಾಯಂ ನೇಮಕ ಆಗಲು ಐದು ವರ್ಷ, ಆರು ವರ್ಷ ಹಿಡಿಯುತ್ತದೆ. ಕೆಲವು ಕಡೆ ಅದು ಆಗುವುದೇ ಇಲ್ಲ. ಹಾಲಿನಲ್ಲಿ ಯಾರೂ ನಗಲಿಲ್ಲ. ಹಿಂದಿನ ಬೆಂಚಿನವರು ಕತ್ತು ಉದ್ದ ಮಾಡಿ ಗ್ರಿಸೆಲ್ದಾಳನ್ನು ನೋಡಿದರು.

ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಎರ್ಮಿನಿಯಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ರಿಜಿಸ್ಟರ್ ನೋಡಿದಳು, ಗ್ರಿಸೆಲ್ದಾಳ ಕೈಯಲ್ಲಿದ್ದ ಪೆನ್ನು ನೋಡಿದಳು.

“ಸಾಹಿತ್ಯದವರು ಯಾರೂ ಇಲ್ವಾ?” ಎಂದ ಸಾರ್ತೋರಿ.

“ಹೇಳಿ,” ಎಂದಳು ಗ್ರಿಸೆಲ್ದಾ. ಅವಳು ಎರ್ಮಿನಿಯಾಳ ಕಡೆ ತಿರುಗಿದ್ದಳು. “ಹೇಳಿ ಅಂದೆ. ಸುಮ್ನೆ ಯಾಕೆ ನಿಂತಿದೀರಿ?”

“ಒಪ್ಪಿದೆ,” ಎಂದಳು ಎರ್ಮಿನಿಯಾ, ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳುವವಳ ದನಿಯಲ್ಲಿ.

ಹೊರಗೆ ಬಸ್ ನಿಲ್ದಾಣದ ತನಕ ಇಬ್ಬರೂ ಜೊತೆಗೇ ನಡೆದರು. ಬಸ್ ಬಂದಾಗ ಎರ್ಮಿನಿಯಾ, “ನಾನು ನೀರಿಗೆ ಹೋಗ್ಬಾರ್ದಿತ್ತು,” ಎಂದಳು.

“ನೀವಿದ್ದು ತಿವಿದಿದ್ರೂ ನಾನು ನಿಲ್ತಿದ್ದೆ ಅನ್ಸತ್ತೆ.”

“ಹುಚ್ಚಿ ಕಣೇ ನೀನು,” ಎಂದು ಎರ್ಮಿನಿಯಾ ಅವಳ ಕೆನ್ನೆ ಸವರಿ ಬಸ್ ಹತ್ತಿದಳು. ಕಿಟಕಿಯಲ್ಲಿ ಕೂತ ಮೇಲೆ ಮುಖ ಆಚೆ ತಿರುಗಿಸಿದಳು.

ಮನೆಯಲ್ಲಿ ಎದಿತ್ ಕೂಗಾಡಿದಳು. “ಹದಿನೈದು ದಿನಾನಾ? ಪಕ್ಕದವಳಿಗೆ ಜೀವಮಾನದ ಕೆಲಸ, ನಿನಗೆ ಹದಿನೈದು ದಿನ! ಆ ಪುಸ್ತಕ ಒಲೆಗೆ ಹಾಕ್ತೀನಿ ನೋಡು.”

“ಬಿಡೇ ಅವಳನ್ನ,” ಎಂದ ಅನ್ಸೆಲ್ಮೊ. ಎದ್ದು ಹೋಗಿ ಫೋನು ಮಾಡಿದ. ಗೋಡೆಯ ಆಚೆ ಅವನ ನಗು ಕೇಳಿಸಿತು. ತಿರುಗಿ ಬಂದವನು ಖುಷಿಯಾಗಿದ್ದ. “ಮಾತಾಡಿದೆ. ಹದಿನೈದು ದಿನ ತಾನೇ, ಕಾಯ್ತಾರಂತೆ. ಜಾಗ ಎಲ್ಲಿಗೂ ಹೋಗಲ್ಲ.”

ಗ್ರಿಸೆಲ್ದಾ ಅವನಿಗೆ ಥ್ಯಾಂಕ್ಸ್ ಹೇಳಿದಳು. ಹೊಲಿಗೆ ಕೋಣೆಗೆ ಹೋಗಿ ಮಂಚದ ಮೇಲೆ ಕೂತಾಗ ಕಾಲು ಮಿಷನ್ನಿನ ಪೆಡಲಿಗೆ ತಾಗಿತು. ಅಲ್ಲಿ ಹೇಗೆ ಕೂತರೂ ಅದು ತಾಗುತ್ತಿತ್ತು. ಅವಳು ಶಿಲುಬೆಯ ಗುರುತು ಹಾಕಿಕೊಂಡಳು. ಬೇಡಿಕೊಳ್ಳಲು ಹೊರಟವಳಿಗೆ ಏನನ್ನು ಬೇಡಬೇಕೆಂದು ಹೊಳೆಯಲಿಲ್ಲ. ಸಂಜೆಯಾದರೆ ಜಗಲಿಯ ಮೇಲೆ ಅಜ್ಜಿ ಹೇಳುತ್ತಿದ್ದ ಸಂತ ರೋಕನ ಪದ್ಯಗಳು ನೆನಪಾದವು. ಮನೆಯವರೆಲ್ಲರಿಗೂ ಅವು ಬಾಯಿಗೆ ಬರುತ್ತಿದ್ದವು. ಆದರೂ ಕಾಡಿನಲ್ಲಿ ಬಿದ್ದ ಸಂತನಿಗೆ ನಾಯಿ ರೊಟ್ಟಿ ತರುವ ಜಾಗಕ್ಕೆ ಅಜ್ಜಿ ಬಂದಾಗ, ಅಮ್ಮ ಬಟ್ಟೆ ಮಡಿಸುವುದನ್ನು ನಿಲ್ಲಿಸುತ್ತಿದ್ದಳು.

ಗುರುವಾರ ಬೆಳಿಗ್ಗೆ ‘ಬಿ’ ತರಗತಿಗೆ ಹೋದಾಗ ಕುರ್ಚಿಯ ಬೆನ್ನಿಗೆ ಬೆರೋನ್ ಮೇಡಂ ಅವರ ಬೂದು ಸ್ವೆಟರ್ ತೂಗುತ್ತಿತ್ತು. ಗ್ರಿಸೆಲ್ದಾ ಅದನ್ನು ಮುಟ್ಟಲಿಲ್ಲ. ಬೆನ್ನು ತಾಗದಂತೆ ಕುರ್ಚಿಯ ಅಂಚಿನಲ್ಲಿ ಕೂತು, ಚೀಲದಿಂದ ಪುಸ್ತಕ ತೆಗೆದಳು. ಮೇಡಮ್ಮಂದಿರನ್ನೆಲ್ಲ ‘ಪ್ರೊಫೆ’ ಎಂದೇ ಕರೆಯುವ ತರಗತಿ ಗುಜುಗುಜು ಎಂದಿತು.

“ಅಯ್ಯೋ, ಗಂಟೆ ಬಂತು!” ಎಂದ ಎರಡನೇ ಸಾಲಿನ ಎಸೆಕಿಯೆಲ್. “ಪ್ರೊಫೆ, ಅದು ನಮಗೆ ಗೊ...”

ಮರೀಸೊಲ್ ತಿರುಗಿ ಸ್ಕೇಲಿನಿಂದ ಅವನ ಕೈಗೆ ಹೊಡೆದಳು. “ಬಾಯ್ಮುಚ್ಚೋ, ಕತ್ತೆ!”

“ಏನು ಗೊತ್ತು?” ಎಂದಳು ಗ್ರಿಸೆಲ್ದಾ.

ಮರೀಸೊಲಳೇ ಎದ್ದು ನಿಂತಳು. “ನಾವು ದಿನಾ ಕೇಳಿ ಕೇಳಿ ಬೆರೋನ್ ಪ್ರೊಫೆಗೆ ತಲೆ ಕೆಟ್ಟುಹೋಯ್ತು. ಊರಿನ ಲೈಬ್ರರಿಯಿಂದ ತಂದು ನಮಗೆ ಓದಿ ಹೇಳಿಬಿಟ್ರು. ಕೊನೇವರೆಗೂ. ಎರಡೇ ದಿನದಲ್ಲಿ.” ತುಸು ತಡೆದು, “ಅವರು ಓದೋದು ಫಾಸ್ಟು, ಪ್ರೊಫೆ. ಬಸ್ ಹಿಡಿಯೋರ ಥರ,” ಎಂದಳು.

ಎಲ್ಲರೂ ನಕ್ಕರು. ಗ್ರಿಸೆಲ್ದಾಳಿಗೂ ನಗು ಬಂತು. ಅದು ಬಾಯಲ್ಲೇ ನಿಂತಿತು. ಮೂವತ್ತೊಂದನೇ ಶಾಲೆಯಲ್ಲಿ ಎರ್ಮಿನಿಯಾ ಇಷ್ಟು ಹೊತ್ತಿಗೆ ಹಾಜರಿ ಕರೆಯುತ್ತಿರಬೇಕು. ಅವಳು ಪುಸ್ತಕ ಮುಚ್ಚಿದಳು. “ಹಾಗಾದ್ರೆ ಬೇಡ ಬಿಡಿ. ವ್ಯಾಕರಣ ತೆಗೀರಿ.”

“ಇಲ್ಲ, ಪ್ರೊಫೆ!”

“ನಿಮಗೆ ಗೊತ್ತಿರೋದನ್ನ ಮತ್ತೆ ಏನು ಓದೋದು?”

“ನಮಗೆ ಗೊತ್ತು,” ಎಂದ ಎಸೆಕಿಯೆಲ್, ಕೈ ಉಜ್ಜಿಕೊಳ್ಳುತ್ತ. “ನಿಮಗೆ ಗೊತ್ತಿಲ್ವಲ್ಲ. ಇಲ್ಲ ತಾನೇ? ಮುಂದೆ ಓದಿಲ್ಲ ತಾನೇ ನೀವು?”

“ಇಲ್ಲ.”

“ಮತ್ತೆ? ಓದಿ.”

ಕಿಟಕಿಯಿಂದ ನದಿಯ ಕಡೆಯ ಗಾಳಿ ಬಂದು ಗೋಡೆಯ ಭೂಪಟ ಅಲುಗಿತು. ಅವಳು ದಾರವಿದ್ದ ಪುಟ ತೆರೆದಳು. ಎತ್ತುಗಳು ಮೊಣಕಾಲಿನವರೆಗೆ ಹೂತಿದ್ದವು. ಗಾಡಿಯವಳು ನೊಗ ಕಳಚಿ, ಹಗ್ಗವನ್ನು ತನ್ನ ಹೆಗಲಿಗೆ ಸುತ್ತಿಕೊಂಡಿದ್ದಳು. ಅಲ್ಲಿಯವರೆಗೆ ಗ್ರಿಸೆಲ್ದಾಳಿಗೂ ಬಾಯಿಗೆ ಬರುತ್ತಿತ್ತು. ಪುಟದ ಕೊನೆಯ ಸಾಲು ಬಂತು. ಅವಳು ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಿದಳು.

ಯಾರೂ ಪುಸ್ತಕದ ಕಡೆ ನೋಡುತ್ತಿರಲಿಲ್ಲ. ಇಪ್ಪತ್ತೆಂಟು ಮುಖಗಳು ಅವಳ ಮುಖವನ್ನೇ ನೋಡುತ್ತಿದ್ದವು. ಎಸೆಕಿಯೆಲ್ ಪೆನ್ಸಿಲ್ ತಿರುಗಿಸುವುದನ್ನು ನಿಲ್ಲಿಸಿದ್ದ. ಮೊದಲ ಸಾಲಿನಲ್ಲಿ ಮರೀಸೊಲಳ ತುಟಿಗಳು, ಗ್ರಿಸೆಲ್ದಾಳ ದನಿಗಿಂತ ಒಂದು ಮಾತು ಮುಂದೆ, ಸದ್ದಿಲ್ಲದೆ ಆಡತೊಡಗಿದ್ದವು.